ಕೀ ತೆಗೆದರೆ ನಿಲ್ಲುವ ಫ್ಯಾನು

ನನಗೂ ನನ್ನ ಮಾವನಿಗೂ ಕೊನೆಯವರೆಗೆ ಸರಿಹೋಗಲಿಲ್ಲ. ಯಾರಾದರೂ ಕೇಳಿದರೆ ಸ್ವಲ್ಪ ಹೊಂದಾಣಿಕೆ ಕಡಿಮೆ ಎಂದು ಮೆತ್ತಗೆ ಹೇಳುತ್ತಿದ್ದೆ. ಈಗ ಅವರಿಲ್ಲ. ಮೆತ್ತಗೆ ಹೇಳಬೇಕಾದ ಅಗತ್ಯವೂ ಇಲ್ಲ. ನಮ್ಮಲ್ಲಿ ಒಬ್ಬರನ್ನು ಕಂಡರೆ ಇನ್ನೊಬ್ಬರಿಗೆ ಆಗುತ್ತಿರಲಿಲ್ಲ. ಮೊದಲಿನಿಂದಲೂ ಹಾಗೇ ಇತ್ತು, ಆದರೆ ಅದು ಬಾಯಿಗೆ ಬಂದದ್ದು ಕಾರಿನ ಒಂದು ಸಣ್ಣ ಫ್ಯಾನಿನ ದೆಸೆಯಿಂದ.

ಮದುವೆಯಾಗಿ ಕಡಬಕ್ಕೆ ಬರುವಾಗ ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಪುತ್ತೂರಿನ ಕಾಲೇಜಿನಲ್ಲಿ ಬಿಎಸ್ಸಿ ಮಾಡಿದವಳು. ಮಾವ ಹಂಚಿನ ಏಜೆಂಟರು. ಮಂಗಳೂರಿನಿಂದ ಲಾರಿಯಲ್ಲಿ ಹಂಚು ತರಿಸಿ ಮನೆಯ ಪಕ್ಕದ ಜಾಗದಲ್ಲಿ ಅಟ್ಟಿ ಹಾಕಿಸುತ್ತಿದ್ದರು. ಮುಳಿಹುಲ್ಲಿನ ಮಾಡು ತೆಗೆದು ಹಂಚು ಹೊದಿಸುವವರು ಆಗ ಊರೂರಲ್ಲಿ ಇದ್ದರು. ಮಾವ ತಮ್ಮ ಬಿಳಿ ಅಂಬಾಸಿಡರಿನಲ್ಲಿ ಅಂಥ ಮನೆಗಳಿಗೆ ಹೋಗಿ, ಮಾಡು ಅಳೆದು, ಇಷ್ಟು ಸಾವಿರ ಹಂಚು ಬೇಕು ಎಂದು ಹೇಳಿ ಬರುತ್ತಿದ್ದರು. ಡ್ರೈವರನ್ನು ಇಟ್ಟುಕೊಂಡಿರಲಿಲ್ಲ. ಬೇರೆಯವರ ಕೈಗೆ ಕಾರು ಕೊಡುವ ಜನವೇ ಅಲ್ಲ. ನನ್ನ ಗಂಡ ಸುಳ್ಯದ ಒಂದು ಕಚೇರಿಯಲ್ಲಿ ಗುಮಾಸ್ತರು. ಸೋಮವಾರ ಮೊದಲ ಬಸ್ಸಿಗೆ ಹೋದರೆ ಶನಿವಾರ ಸಂಜೆ ಬರುವವರು. ಆದ್ದರಿಂದ ವಾರದ ಆರು ದಿನ ಆ ಮನೆಯಲ್ಲಿ ನಾವು ಮೂವರೇ, ಮಾವ, ಅತ್ತೆ ಮತ್ತು ನಾನು.

ಮಾವ ನನ್ನನ್ನು ಹೆಸರು ಹಿಡಿದು ಕರೆದದ್ದು ಕಡಿಮೆ. "ಬಿಎಸ್ಸಿ, ನೀರು ತಾ." "ಬಿಎಸ್ಸಿಯವರಿಗೆ ದೋಸೆ ಹೊಯ್ಯಲಿಕ್ಕೆ ಬರುದಿಲ್ಲವಂತೆ." ಮೊದಲ ವಾರ ತಮಾಷೆ ಎಂದುಕೊಂಡೆ. ಆರು ತಿಂಗಳಾದ ಮೇಲೆ ಅದು ತಮಾಷೆಯಲ್ಲ ಎಂದು ಗೊತ್ತಾಯಿತು. ಅವರ ಮಗ ಪಿಯುಸಿಗೇ ನಿಲ್ಲಿಸಿದ್ದರು. ಅದಕ್ಕೆ ಸಿಟ್ಟು ಮಗನ ಮೇಲೆ ಬರಬೇಕಿತ್ತು, ನನ್ನ ಮೇಲೆ ಬರುತ್ತಿತ್ತು.

ಅತ್ತೆಗೆ ದಮ್ಮಿನ ಕಾಯಿಲೆ. ಪ್ರತಿ ಗುರುವಾರ ಪುತ್ತೂರಿನ ಡಾಕ್ಟರಲ್ಲಿಗೆ ಹೋಗಿ ಇಂಜೆಕ್ಷನ್ ಹಾಕಿಸಿಕೊಳ್ಳಬೇಕಿತ್ತು. ಕೈ ಹಿಡಿದು ಇಳಿಸಲು, ಹತ್ತಿಸಲು ನಾನು ಜೊತೆಗೆ. ಹೋಗುವಾಗ ಮಾವ ಎಲ್ಲೂ ನಿಲ್ಲುತ್ತಿರಲಿಲ್ಲ. ಬರುವಾಗ ಮಾತ್ರ ನರಿಮೊಗರಿನಲ್ಲಿ ಒಂದು ಮನೆ, ಕಾಣಿಯೂರಿನಲ್ಲಿ ಎರಡು ಮನೆ ಎಂದು ನಿಲ್ಲಿಸುತ್ತಾ ಬರುವರು. ನಮ್ಮನ್ನು ಒಳಗೆ ಕರೆದುಕೊಂಡು ಹೋಗುವ ಕ್ರಮವಿರಲಿಲ್ಲ. "ಹೆಂಗಸರು ಬಂದರೆ ಕಾಫಿ, ಕುಂಕುಮ ಅಂತ ಹೊತ್ತು ಹೋಗ್ತದೆ, ಕೂತುಕೊಳ್ಳಿ" ಎಂದು ಕೀ ತೆಗೆದು ಜೇಬಿಗೆ ಹಾಕಿ ಹೋದರೆ ಬರುವುದು ಮುಕ್ಕಾಲು ಗಂಟೆಗೋ ಒಂದು ಗಂಟೆಗೋ. ತಾವು ಮಾತ್ರ ಕಾಫಿ ಕುಡಿದೇ ಬರುತ್ತಿದ್ದರು.

ಆ ಕಾರಿನ ಮುಂದಿನ ಹಲಗೆಯಲ್ಲಿ ಸಿಗರೇಟು ಹಚ್ಚುವ ಲೈಟರ್ ಸಿಕ್ಕಿಸುವ ಒಂದು ತೂತಿತ್ತು. ಮಾವ ಸಿಗರೇಟು ಸೇದುವವರಲ್ಲ. ಕೊಲ್ಲಿ ದೇಶದಲ್ಲಿದ್ದ ಅವರ ಸ್ನೇಹಿತರೊಬ್ಬರು ಒಂದು ಪುಟ್ಟ ಫ್ಯಾನು ತಂದುಕೊಟ್ಟಿದ್ದರು. ಅದರ ವಯರನ್ನು ಆ ತೂತಿಗೆ ಸಿಕ್ಕಿಸಿದರೆ ತಿರುಗುತ್ತಿತ್ತು, ಕೀ ಇದ್ದರೂ ಇಲ್ಲದಿದ್ದರೂ. ಕಾದು ಕುಳಿತ ಹೊತ್ತಿನಲ್ಲಿ ನಾನು ಅದನ್ನು ಅತ್ತೆಯ ಕಡೆ ತಿರುಗಿಸಿ ಇಡುತ್ತಿದ್ದೆ. ಮಾರ್ಚ್, ಏಪ್ರಿಲ್ ತಿಂಗಳ ಮಧ್ಯಾಹ್ನ, ಕಾರಿನ ತಗಡು ಮುಟ್ಟಲಿಕ್ಕಾಗದು. ಅಷ್ಟು ಗಾಳಿಯಾದರೂ ಇಲ್ಲದಿದ್ದರೆ ಅತ್ತೆಗೆ ಉಸಿರು ಕಟ್ಟುತ್ತಿತ್ತು.

ಒಂದು ಶುಕ್ರವಾರ ಬೆಳಿಗ್ಗೆ ಕಾರು ಸ್ಟಾರ್ಟ್ ಆಗಲಿಲ್ಲ. ಹಿಂದಿನ ದಿನದಿಂದ ಫ್ಯಾನು ತಿರುಗುತ್ತಲೇ ಇದ್ದು ಬ್ಯಾಟರಿ ಬರಿದಾಗಿತ್ತು. ಹಂಚು ಇಳಿಸುವ ಆಳುಗಳು ಕಾರನ್ನು ದೂಡಿ ಸ್ಟಾರ್ಟ್ ಮಾಡಿದರು. ಮಾವ ಅಂಗಳದಿಂದಲೇ ಕೂಗಿ ಹೇಳಿದರು.

"ಫ್ಯಾನ್ ಆಫ್ ಮಾಡ್ಲಿಕ್ಕೆ ಎಷ್ಟು ಓದ್ಬೇಕು? ಬಿಎಸ್ಸಿ ಸಾಕಾಗುದಿಲ್ವಾ?"

ನಾವು ಕಾರಿನಿಂದ ಇಳಿಯುವಾಗ ಫ್ಯಾನು ನಿಲ್ಲಿಸಿದ್ದೆ. ಆಮೇಲೆ ಸಂಜೆ ಅವರೊಬ್ಬರೇ ಕಾರು ತೆಗೆದುಕೊಂಡು ಪೇಟೆಗೆ ಹೋಗಿ ಬಂದಿದ್ದರು. ಅದನ್ನು ಹೇಳಿದೆ. ಆಳುಗಳ ಮುಂದೆ ಹೇಳಿದ್ದೇ ತಪ್ಪಾಯಿತು. ಮುಂದಿನ ಗುರುವಾರ, ಅತ್ತೆಗೆ ಇಂಜೆಕ್ಷನ್ ಆದ ಮೇಲೆ, ಕಾರನ್ನು ನೇರ ಪುತ್ತೂರಿನ ಬೊಳುವಾರಿನ ಒಬ್ಬ ಎಲೆಕ್ಟ್ರಿಷಿಯನ್ ಅಂಗಡಿಯ ಮುಂದೆ ನಿಲ್ಲಿಸಿದರು.

"ನಾನು ಕೀ ತೆಗೆದ್ರೆ ಈ ಫ್ಯಾನ್ ನಿಲ್ಬೇಕು," ಎಂದರು. "ನಾನು ಇಲ್ಲದಿರುವಾಗ ಯಾರೂ ನನ್ನ ಬ್ಯಾಟರಿ ತಿನ್ಬಾರ್ದು."

ಎಲೆಕ್ಟ್ರಿಷಿಯನ್ ಐವತ್ತರ ಆಸುಪಾಸಿನ ಬ್ಯಾರಿ ಮುಸ್ಲಿಮರು. ಬಾನೆಟ್ ಎತ್ತಿ ಒಮ್ಮೆ ನೋಡಿ, "ಐದು ನಿಮಿಷದ ಕೆಲಸ ಧಣಿಗಳೇ" ಎಂದರು. ಸೆಕೆಗೆ ಕಾರಿನಲ್ಲಿ ಕೂರಲಾಗದೆ ನಾನು ಇಳಿದು ಪಕ್ಕದಲ್ಲೇ ನಿಂತಿದ್ದೆ. ಎಂಜಿನ್ನಿನ ಹಿಂದಿನ ಗೋಡೆಯಲ್ಲಿ ಒಂದು ಫ್ಯೂಸಿನ ಪೆಟ್ಟಿಗೆ, ಅದರಲ್ಲಿ ಎರಡೇ ಫ್ಯೂಸು. ನಾನು ನೋಡುವುದನ್ನು ಕಂಡು ಅವರೇ ವಿವರಿಸಿದರು.

"ಇದು ಯಾವಾಗ್ಲೂ ಕರೆಂಟ್ ಇರುವ ಫ್ಯೂಸ್. ಹಾರ್ನಿಗೆಲ್ಲ ಇಲ್ಲಿಂದ ಹೋಗುದು. ಇದು ಕೀ ಆನ್ ಮಾಡಿದ್ರೆ ಮಾತ್ರ ಕರೆಂಟ್ ಬರುವ ಫ್ಯೂಸ್. ವೈಪರ್, ಬ್ರೇಕ್ ಲೈಟ್ ಇದರಲ್ಲಿ. ಫ್ಯಾನಿನ ವಯರ್ ಆ ಫ್ಯೂಸಿನಿಂದ ತೆಗೆದು ಇದಕ್ಕೆ ಸಿಕ್ಕಿಸಿದ್ರೆ ಆಯ್ತು."

ಹೇಳುತ್ತಲೇ ವಯರಿನ ತುದಿಯ ಹಿತ್ತಾಳೆಯ ತುಂಡನ್ನು ಎಳೆದು ತೆಗೆದು ಎರಡು ಬೆರಳು ಆಚೆ ಒತ್ತಿದರು. ಅಷ್ಟೇ. ಆಮೇಲೆ ಮಾವನ ಕಡೆ ತಿರುಗಿದರು.

"ಒಂದು ಮಾತು ಧಣಿಗಳೇ. ಎಂಜಿನ್ ನಿಲ್ಲಿಸಿ ಕೀ ಮಾತ್ರ ಆನ್ ಇಟ್ಟು ಫ್ಯಾನ್ ಹಾಕ್ಬಾರ್ದು. ಕೀ ಆನ್ ಇದ್ರೆ ಕಾಯಿಲಿಗೆ ಕರೆಂಟ್ ಹೋಗ್ತಾ ಇರ್ತದೆ. ಎಂಜಿನ್ ತಿರುಗದೆ ಹಾಗೇ ಒಂದು ಗಂಟೆ ಬಿಟ್ರೆ ಕಾಯಿಲ್ ಸುಟ್ಟು ಹೋದೀತು."

ಕಾಯಿಲ್ ಎಂದರೆ ಪೆಟ್ರೋಲಿಗೆ ಬೇಕಾದ ಕಿಡಿಯನ್ನು ಹುಟ್ಟಿಸುವ ಡಬ್ಬಿ. ಅದನ್ನೂ ನನಗೆ ಬೆರಳಿಟ್ಟು ತೋರಿಸಿದರು. ಮಾವ ಆಗಲೇ ಎದುರಿನ ಹೋಟೆಲಿನ ಕಡೆ ಹೊರಟಿದ್ದರು. "ಇಪ್ಪತ್ತು ವರ್ಷದಿಂದ ಕಾರು ಬಿಡ್ತಾ ಇದ್ದೇನೆ ಮಾರಾಯ, ನನಗೆ ಕಲಿಸ್ಬೇಡ," ಎಂದು ಹಿಂದೆ ನೋಡದೆಯೇ ಹೇಳಿದರು.

ಆ ದಿನ ಬರುವಾಗ ಕಾಣಿಯೂರಿನಲ್ಲಿ ನಿಲ್ಲಿಸಿ, ಕೀ ತೆಗೆದರು. ಫ್ಯಾನು ನಿಂತಿತು. ಅವರು ನನ್ನ ಕಡೆ ನೋಡಿ ಸಣ್ಣಗೆ ನಕ್ಕು ಹೋದರು. ಅದಕ್ಕಿಂತ ದೊಡ್ಡ ಮಾತುಗಳನ್ನು ಆ ಮನುಷ್ಯನಿಂದ ಕೇಳಿದ್ದೇನೆ, ಎಷ್ಟೋ ಮರೆತಿದ್ದೇನೆ. ಆ ನಗು ಮರೆತಿಲ್ಲ. ಅರ್ಧ ಗಂಟೆಯಲ್ಲಿ ಅತ್ತೆಯ ಎದೆ ಸುಯ್ಯೆನ್ನತೊಡಗಿತು. ಬಾಗಿಲು ತೆರೆದಿಟ್ಟು ಸೆರಗಿನಿಂದ ಗಾಳಿ ಹಾಕಿದೆ. ಕೈ ಸೋತು ಹೋಯಿತು.

ಮುಂದಿನ ಗುರುವಾರ ಅದೇ ಊರು, ಬೇರೆ ಮನೆ. ಮಾವ ತಿರುವಿನಲ್ಲಿ ಮರೆಯಾದದ್ದೇ ನಾನು ಬಾನೆಟ್ಟಿನ ಹಿಡಿ ಎಳೆದು, ಇಳಿದು ಹೋಗಿ ಬಾನೆಟ್ ಎತ್ತಿದೆ. ಅದು ಅಷ್ಟು ಭಾರವಿದ್ದೀತೆಂದು ಎಣಿಸಿರಲಿಲ್ಲ. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಗ್ಗಿದೆ. ದಾರಿಯಲ್ಲಿ ಹುಲ್ಲಿನ ಹೊರೆ ಹೊತ್ತು ಹೋಗುತ್ತಿದ್ದ ಹೆಂಗಸೊಬ್ಬಳು ನಿಂತು ನೋಡಿದಳು. ವಯರನ್ನು ಎಳೆದೆ, ಬರಲಿಲ್ಲ. ಕರವಸ್ತ್ರ ಸುತ್ತಿ ಎಳೆದೆ, ಬಂತು. ಹಳೆಯ ಜಾಗಕ್ಕೆ ಒತ್ತಿದೆ. ಒಳಗಿನಿಂದ ಅತ್ತೆ, "ತಿರುಗಿತು" ಎಂದರು.

ಅವರು ಕಣ್ಣು ಮುಚ್ಚಿ ಮುಖವನ್ನು ಫ್ಯಾನಿನ ಹತ್ತಿರ ತಂದು ಕುಳಿತರು. ಮಾವನ ಬಿಳಿ ಪಂಚೆ ದೂರದಲ್ಲಿ ಕಾಣುವುದರೊಳಗೆ ವಯರನ್ನು ಮತ್ತೆ ಆಚೆ ಸಿಕ್ಕಿಸಿ ಬಾನೆಟ್ ಮುಚ್ಚಿದೆ.

ಹೀಗೆ ಐದಾರು ಗುರುವಾರ ನಡೆಯಿತು. ನಾನು ಅತ್ತೆಯ ಉಸಿರಿಗಾಗಿ ಮಾತ್ರ ಮಾಡಿದೆ ಎಂದರೆ ಸುಳ್ಳಾಗುತ್ತದೆ. ಅವರ ಕಾರಿನ ಹೊಟ್ಟೆಯೊಳಗೆ ಕೈ ಹಾಕಿ, ಅವರು ಮಾಡಿಸಿದ್ದನ್ನು ಬಿಚ್ಚಿ, ಅವರಿಗೆ ತಿಳಿಯದ ಹಾಗೆ ಮುಚ್ಚುವುದರಲ್ಲಿ ನನಗೆ ಸುಖವಿತ್ತು. ಬುಧವಾರವೇ ಆ ಸುಖ ಶುರುವಾಗುತ್ತಿತ್ತು.

ಸಿಕ್ಕಿಬಿದ್ದದ್ದು ಮಸಿಯಿಂದ. ಸೀಟಿಗೆ ಹೊದಿಸಿದ್ದ ಬಿಳಿ ಟವೆಲಿನಲ್ಲಿ ಒಂದು ದಿನ ಕಪ್ಪು ಬೆರಳಿನ ಗುರುತು ಕಂಡಿತು. ಮಧ್ಯಾಹ್ನ ಊಟಕ್ಕೆ ಕುಳಿತಾಗ ಮಾವ ಟವೆಲನ್ನು ಅತ್ತೆಯ ಮುಂದೆ ಹಾಕಿ, "ಇದು ಎಂತ?" ಎಂದರು. ಅಷ್ಟೇ ಕೇಳಿದ್ದು. ಅತ್ತೆ ಒಂದು ಕ್ಷಣವೂ ತಡೆಯಲಿಲ್ಲ.

"ನಾನು ಮಾಡಿದ್ದಲ್ಲ. ಇವಳು ಪ್ರತಿ ವಾರ ಬಾನೆಟ್ ತೆಗೆದು ವಯರ್ ಬದಲು ಮಾಡುದು. ಬೇಡ ಅಂತ ಹೇಳಿದೆ, ಕೇಳ್ಬೇಕಲ್ಲ."

ಅತ್ತೆ ಒಮ್ಮೆಯೂ ಬೇಡ ಎಂದಿರಲಿಲ್ಲ. ನಾನು ಅವರ ಮುಖ ನೋಡಿದೆ. ಅವರು ಸಾರಿನ ಸೌಟನ್ನು ನೋಡುತ್ತಿದ್ದರು.

ಮಾವ ಊಟ ಬಿಟ್ಟು ಏಳಲಿಲ್ಲ, ಕೂಗಲಿಲ್ಲ. ಅನ್ನ ಕಲಸುತ್ತಲೇ, "ಇನ್ನು ನನ್ನ ಗಾಡಿಯ ಒಂದು ಸ್ಕ್ರೂ ಮುಟ್ಟಿದ್ರೆ, ಅದೇ ಗಾಡಿಯಲ್ಲಿ ನಿನ್ನನ್ನು ಅಪ್ಪನ ಮನೆಗೆ ಬಿಟ್ಟು ಬರ್ತೇನೆ. ಕೀ ಮುಟ್ಬಾರ್ದು, ಬಾನೆಟ್ ಮುಟ್ಬಾರ್ದು, ಎಂತದ್ದೂ ಮುಟ್ಬಾರ್ದು. ತಿಳೀತಾ?" ಎಂದರು.

"ತಿಳೀತು," ಎಂದೆ.

ಶನಿವಾರ ಗಂಡನಿಗೆ ಹೇಳಿದೆ. "ಅಪ್ಪನ ಕಾರನ್ನು ನೀನು ಯಾಕೆ ಮುಟ್ಲಿಕ್ಕೆ ಹೋದದ್ದು?" ಎಂದು ಕೇಳಿ ಅವರು ಮಗ್ಗುಲು ಬದಲಿಸಿದರು. ಅಲ್ಲಿಂದ ಮುಂದೆ ಗುರುವಾರಗಳಲ್ಲಿ ಫ್ಯಾನು ತಿರುಗಲಿಲ್ಲ. ಅತ್ತೆ ಕಾರಿನಲ್ಲಿ ಏದುಸಿರು ಬಿಡುವಾಗ ನಾನು ಹೊರಗೆ ನೋಡುತ್ತಿದ್ದೆ. ಸೆರಗಿನಿಂದ ಗಾಳಿ ಹಾಕುವುದನ್ನೂ ನಿಲ್ಲಿಸಿದ್ದೆ.

ಅದರ ಮುಂದಿನ ಬೇಸಗೆಯಲ್ಲಿ ಅತ್ತೆಯ ಅಣ್ಣ ನಮ್ಮಲ್ಲಿಗೆ ಬಂದು ನಾಲ್ಕು ದಿನ ಇದ್ದರು. ನಿವೃತ್ತ ಮೇಷ್ಟ್ರು, ಒಂದು ಕಾಲು ಸ್ವಲ್ಪ ಎಳೆದು ನಡೆಯುವವರು. ಹಾಸನದಲ್ಲಿದ್ದ ಮಗಳಿಗೆ ಗಂಡು ಮಗು ಹುಟ್ಟಿತ್ತು. ಅವರು ಹೊರಟ ಮರುದಿನ ಬೆಳಿಗ್ಗೆ ನಾಮಕರಣ, ಅಜ್ಜನೇ ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕೆಂದು ಮಗಳ ಆಸೆ. ಮಗುವಿಗೆಂದು ಬೆಳ್ಳಿಯ ಉಡಿದಾರ ಮಾಡಿಸಿ ಚೀಲದಲ್ಲಿ ಇಟ್ಟುಕೊಂಡಿದ್ದರು. ಹಾಸನಕ್ಕೆ ರೈಲು ಓಡತೊಡಗಿ ಆಗ ಹೆಚ್ಚು ಕಾಲವಾಗಿರಲಿಲ್ಲ. ಅವರನ್ನು ನೆಟ್ಟಣದಲ್ಲಿ ರೈಲಿಗೆ ಹತ್ತಿಸಿ ನಾವು ಸುಬ್ರಹ್ಮಣ್ಯಕ್ಕೆ ಹೋಗಿ ಬರುವುದೆಂದು ಮಾತಾಗಿತ್ತು. ಮಾವ ಮತ್ತು ಅತ್ತೆಯ ಅಣ್ಣ ಮುಂದೆ, ಅತ್ತೆ ಮತ್ತು ನಾನು ಹಿಂದೆ.

ಬಿಳಿನೆಲೆಯಲ್ಲಿ ಮಾವ ಕಾರು ನಿಲ್ಲಿಸಿದರು. "ಭಾವ, ಒಂದು ಮಾಡು ಅಳೆದು ಬರ್ತೇನೆ. ಹತ್ತು ನಿಮಿಷ. ರೈಲಿಗೆ ಬೇಕಾದಷ್ಟು ಹೊತ್ತು ಉಂಟು. ನೀವು ಗಾಳಿ ಹಾಕ್ಕೊಂಡು ಕೂತುಕೊಳ್ಳಿ," ಎಂದು ಎಂಜಿನ್ ನಿಲ್ಲಿಸಿ, ಮತ್ತೆ ಕೀ ತಿರುಗಿಸಿ ಆನ್ ಮಾಡಿ, ಫ್ಯಾನನ್ನು ಭಾವನ ಮುಖಕ್ಕೆ ಸರಿಯಾಗಿ ತಿರುಗಿಸಿ ಹೋದರು. ಕೀ ಅಲ್ಲೇ ಇತ್ತು. ಅದರ ಹತ್ತಿರ ಕೆಂಪು ದೀಪ ಉರಿಯುತ್ತಿತ್ತು. ಎಂಜಿನ್ ತಿರುಗದೆ ಕೀ ಆನ್ ಇದ್ದರೆ ಉರಿಯುವ ದೀಪ ಅದು.

ಹಿಂದಿನ ಸೀಟಿನಿಂದ ನನಗೆ ಅದು ಚೆನ್ನಾಗಿ ಕಾಣುತ್ತಿತ್ತು.

ಅತ್ತೆ ತೂಕಡಿಸತೊಡಗಿದರು. ಅವರ ಅಣ್ಣ ಹಿಂದೆ ತಿರುಗಿ ನನ್ನನ್ನು ಮಾತಾಡಿಸಿದರು. "ನೀನು ಬಿಎಸ್ಸಿಯಲ್ಲಿ ಎಂತ ತಗೊಂಡದ್ದು?" ಎಂದು ಕೇಳಿದರು. ಆ ಮನೆಗೆ ಬಂದು ಎರಡು ವರ್ಷವಾಗಿತ್ತು, ಯಾರೂ ಅದನ್ನು ಕೇಳಿರಲಿಲ್ಲ. ಭೌತಶಾಸ್ತ್ರ, ಗಣಿತ ಎಂದೆ. "ಬಿಎಡ್ ಮಾಡು. ನಮ್ಮ ಕಡೆ ಹೈಸ್ಕೂಲುಗಳಲ್ಲಿ ವಿಜ್ಞಾನ ಕಲಿಸುವವರೇ ಇಲ್ಲ. ನಾನು ಬೇಕಾದ್ರೆ ನಿನ್ನ ಗಂಡನತ್ರ ಮಾತಾಡ್ತೇನೆ," ಎಂದರು. ಇಷ್ಟು ಒಳ್ಳೆಯ ಮಾತು ಆಡುತ್ತಿದ್ದ ಮನುಷ್ಯ ಕುಳಿತಿದ್ದ ಕಾರಿನ ಕಾಯಿಲ್ ಬಾನೆಟ್ಟಿನ ಕೆಳಗೆ ಬಿಸಿಯಾಗುತ್ತಿದೆಯೆಂದು ನನಗೆ ಗೊತ್ತಿತ್ತು. ಕೈ ಚಾಚಿದರೆ ಕೀ ಸಿಗುತ್ತಿತ್ತು. ಚಾಚದಿದ್ದರೂ, ಸ್ವಲ್ಪ ಕೀ ಆಫ್ ಮಾಡಿ ಎಂದು ಅವರಿಗೆ ಹೇಳಿದ್ದರೆ ಸಾಕಿತ್ತು.

ಮುಟ್ಟಬಾರದು ಎಂದಿದ್ದರು. ಮುಟ್ಟಲಿಲ್ಲ. ಹತ್ತು ನಿಮಿಷದಲ್ಲಿ ಬಂದರೆ ಏನೂ ಆಗುವುದಿಲ್ಲ, ಬರದಿದ್ದರೆ ಅವರ ಹಣೆಬರಹ ಎಂದುಕೊಂಡೆ. ಅವರು ಹತ್ತು ನಿಮಿಷದಲ್ಲಿ ಬರುವವರಲ್ಲ ಎಂಬುದೂ ನನಗೆ ಗೊತ್ತಿತ್ತು.

ಅರ್ಧ ಗಂಟೆಯಾಯಿತು. ಒಂದು ಗಂಟೆಯಾಯಿತು. ಅತ್ತೆಯ ಅಣ್ಣ ಮತ್ತೆ ಮತ್ತೆ ಗಡಿಯಾರ ನೋಡತೊಡಗಿದರು. ಫ್ಯಾನಿನ ವೇಗ ಇಳಿದಿತ್ತು. ಡಾಂಬರು ಕಾದಂಥ ವಾಸನೆ ಬರುತ್ತಿತ್ತು. "ಎಂತದೋ ವಾಸನೆ," ಎಂದರು ಅವರು. ನಾನು ಹೊರಗೆ ನೋಡಿದೆ. ಆ ಹೊತ್ತಿನಲ್ಲಿ ನನ್ನ ಮನಸ್ಸಿನಲ್ಲಿ ಇದ್ದದ್ದು ಭಯವಲ್ಲ. ಮಾವ ಬಂದು ಕೀ ತಿರುಗಿಸಿದಾಗ ಅವರ ಮುಖ ಹೇಗಾಗುತ್ತದೆ ಎಂದು ನೋಡುವ ಆಸೆ.

ನೋಡಿದೆ. ಒಂದೂಕಾಲು ಗಂಟೆಯ ನಂತರ ಮಾವ ಬಂದು ಸ್ಟಾರ್ಟ್ ಮಾಡಿದರು. ಎಂಜಿನ್ ಎರಡು ಸಲ ಮುಲುಗಿತು, ಹೊತ್ತಿಕೊಳ್ಳಲಿಲ್ಲ. ಇನ್ನೊಮ್ಮೆ, ಮತ್ತೊಮ್ಮೆ. ಹಂಚು ಬೇಕಾಗಿದ್ದ ಮನೆಯವರು ಬಂದು ದೂಡಿದರು. ಆದರೂ ಇಲ್ಲ. ಮಾವನ ಅಂಗಿ ಬೆನ್ನಿಗೆ ಅಂಟಿತ್ತು. ಕೊನೆಗೆ ನೆಲ್ಯಾಡಿ ಕಡೆಯ ರಬ್ಬರ್ ತೋಟದ ಒಬ್ಬ ಮಲಯಾಳಿಯ ಜೀಪು ಬಂತು. ಅತ್ತೆಯ ಅಣ್ಣ ಚೀಲ ಹಿಡಿದು ಅದನ್ನು ಹತ್ತಿ ನೆಟ್ಟಣಕ್ಕೆ ಹೋದರು. ಮುಕ್ಕಾಲು ಗಂಟೆಯಲ್ಲಿ ಅದೇ ಜೀಪಿನಲ್ಲಿ ತಿರುಗಿ ಬಂದರು. ರೈಲು ಹೋಗಿತ್ತು. ಶಿರಾಡಿ ಘಾಟಿಯಲ್ಲಿ ತುಂಬಿದ ಬಸ್ಸಿನಲ್ಲಿ ರಾತ್ರಿಯಿಡೀ ನಿಂತು ಹೋಗುವ ಕಾಲು ಅವರದ್ದಲ್ಲ. ಜೀಪಿನವರು ನಮ್ಮ ಕಾರಿಗೆ ಹಗ್ಗ ಕಟ್ಟಿ ಕಡಬಕ್ಕೆ ಎಳೆದು ತಂದರು.

ಮರುದಿನ ಬೆಳಿಗ್ಗೆ ಪುತ್ತೂರಿನ ಎಲೆಕ್ಟ್ರಿಷಿಯನ್ ಬಸ್ಸಿನಲ್ಲಿ ಬಂದರು. ಮಾವ, ಅತ್ತೆಯ ಅಣ್ಣ, ಹಂಚಿನ ಆಳುಗಳು ಕಾರಿನ ಸುತ್ತ ಇದ್ದರು. ನಾನು ಕಾಫಿ ತೆಗೆದುಕೊಂಡು ಹೋಗಿದ್ದೆ. ಎಲೆಕ್ಟ್ರಿಷಿಯನ್ ಬಾನೆಟ್ ಎತ್ತಿ, ಕಾಯಿಲಿನ ಬಾಯಿಯಿಂದ ಹೊರಗೆ ಬಂದು ಗಟ್ಟಿಯಾಗಿದ್ದ ಕಪ್ಪು ಅಂಟನ್ನು ಉಗುರಿನಲ್ಲಿ ಕೆರೆದರು.

"ಕೀ ಆನ್ ಇಟ್ಟು ಹೋದದ್ದು ಯಾರು? ನಾನು ಆವತ್ತೇ ಹೇಳಿದ್ದೆ ಅಲ್ವಾ?"

ಮಾವ ನನ್ನ ಕಡೆ ಕೈ ತೋರಿಸಿದರು. "ಇವಳೇ. ಇವಳಿಗೆ ಮೊದಲಿನಿಂದಲೂ ಅದರ ಒಳಗೆ ಕೈ ಹಾಕುವ ಚಟ."

ಕಾಫಿಯ ತಟ್ಟೆಯನ್ನು ಕಾರಿನ ಮೇಲೆಯೇ ಇಟ್ಟೆ. "ನಾನಲ್ಲ ಮಾವ. ನೀವು ಕೀ ಆನ್ ಮಾಡಿ ಹೋದದ್ದು. ಕೆಂಪು ಲೈಟ್ ಉರಿತಾ ಇತ್ತು. ನಾನು ನೋಡ್ತಾ ಇದ್ದೆ. ಹೀಗೇ ಆಗ್ತದೆ ಅಂತ ನನಗೆ ಗೊತ್ತಿತ್ತು."

ಕೊನೆಯ ಮಾತನ್ನು ಆಡಬೇಕೆಂದಿರಲಿಲ್ಲ. ಅಷ್ಟು ದಿನದ ಸಿಟ್ಟು ಅದನ್ನೂ ಎಳೆದುಕೊಂಡು ಬಂತು. ಮಾವ ಬಾಯಿ ತೆರೆಯುವ ಮೊದಲೇ ಅತ್ತೆಯ ಅಣ್ಣ ಹೇಳಿದರು.

"ಕೀ ಇಟ್ಟು ಹೋದದ್ದು ನೀವೇ ಭಾವ. ಆ ಹುಡುಗಿಯ ಮೇಲೆ ಹಾಕ್ಬೇಡಿ. ನಾನು ಮುಂದೆಯೇ ಕೂತಿದ್ದೆ."

ಆಮೇಲೆ ನನ್ನ ಕಡೆ ತಿರುಗಿದರು. "ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ನನ್ನತ್ರ ಹೇಳಬಹುದಿತ್ತಲ್ಲ. ಅಷ್ಟು ಹೊತ್ತು ಮಾತಾಡಿದೆವು."

ಮಾವ ಮುಟ್ಟಬಾರದು ಎಂದಿದ್ದರು ಎಂದು ಹೇಳಬಹುದಿತ್ತು. ಅತ್ತೆಯ ಅಣ್ಣನ ಮುಂದೆ ಆ ಮಾತು ನನಗೇ ಸಣ್ಣದಾಗಿ ಕಂಡಿತು. ಅವರು ಕಾಫಿ ಕುಡಿಯಲಿಲ್ಲ. ಚೀಲ ತೆಗೆದುಕೊಂಡು, ತಂಗಿಗೆ ಒಂದು ಮಾತು ಹೇಳಿ, ಕಾಲು ಎಳೆಯುತ್ತಾ ಬಸ್ ಸ್ಟ್ಯಾಂಡಿಗೆ ನಡೆದರು. ಹಾಸನದಲ್ಲಿ ಆ ಹೊತ್ತಿಗೆ ಮಗುವಿಗೆ ಹೆಸರಿಟ್ಟು ಆಗಿರಬೇಕು. ಆಮೇಲೆ ಅವರು ಆ ಮನೆಗೆ ಬರಲೇ ಇಲ್ಲ.

ಮಾವ ಅದೇ ದಿನ ಆ ಫ್ಯಾನನ್ನೂ ಅದರ ವಯರನ್ನೂ ಕೀಳಿಸಿದರು. ನನ್ನ ಜೊತೆ ಮಾತು ಬಿಟ್ಟರು. ಏನಾದರೂ ಹೇಳಬೇಕಿದ್ದರೆ ಗೋಡೆಗೆ ಹೇಳುವರು. ಕಾಯಿಲ್ ಸುಟ್ಟದ್ದನ್ನು ಅವರು ಕ್ಷಮಿಸುತ್ತಿದ್ದರೋ ಏನೋ. ಆಳುಗಳ ಮುಂದೆ ತಮ್ಮ ಮಾತು ಸುಳ್ಳಾದದ್ದನ್ನೂ, ನಾನು ಹಿಂದೆ ಕುಳಿತು ಎಲ್ಲ ನೋಡುತ್ತಿದ್ದೆ ಎಂಬುದನ್ನೂ ಕ್ಷಮಿಸಲಿಲ್ಲ. ಗುರುವಾರ ಅತ್ತೆಯನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗತೊಡಗಿದೆ. ಅದರಲ್ಲಿ ಗಾಳಿಯಾದರೂ ಇತ್ತು.

ಮರುವರ್ಷ ಬಿಎಡ್‌ಗೆ ಅರ್ಜಿ ಹಾಕಿದೆ. ಗಂಡ ಬೇಡವೆನ್ನಲಿಲ್ಲ, ಬೇಕೆನ್ನಲೂ ಇಲ್ಲ, ಸಹಿ ಹಾಕಿದರು. ನರಿಮೊಗರಿನ ಹತ್ತಿರದ ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿದ ಮೇಲೆ ನಾವು ಪುತ್ತೂರಿನಲ್ಲಿ ಬಾಡಿಗೆ ಮನೆ ಮಾಡಿದೆವು. ಮಾವ ಬದುಕಿದ್ದ ಅಷ್ಟೂ ವರ್ಷ ಆ ಮನೆಯ ಹೊಸಿಲು ದಾಟಲಿಲ್ಲ. ಮಗನನ್ನು ನೋಡಬೇಕಿದ್ದರೆ ರಸ್ತೆಯಲ್ಲಿ ಕಾರು ನಿಲ್ಲಿಸಿ ಹಾರ್ನ್ ಹೊಡೆಯುವರು. ನಾನು ಕಿಟಕಿ ಮುಚ್ಚುತ್ತಿದ್ದೆ.

ಅತ್ತೆ ಮಾತ್ರ ಚಿಕಿತ್ಸೆಗೆಂದು ಬಂದಾಗ ನಮ್ಮಲ್ಲಿ ಉಳಿಯುತ್ತಿದ್ದರು. ಒಂದು ಮಧ್ಯಾಹ್ನ, ನಾನು ಮಕ್ಕಳ ಉತ್ತರ ಪತ್ರಿಕೆ ತಿದ್ದುತ್ತಿದ್ದಾಗ, ಮಂಚದಲ್ಲಿ ಒರಗಿದ್ದವರು ಇದ್ದಕ್ಕಿದ್ದ ಹಾಗೆ ಹೇಳಿದರು.

"ಅಣ್ಣ ನನ್ನ ಮನೆಗೆ ಬಾರದ ಹಾಗೆ ಆದದ್ದು ನಿನ್ನಿಂದ."

"ಮಾವನಿಂದ ಅಲ್ವಾ?" ಎಂದು ಕೇಳಿದೆ.

"ಅವರು ಹಾಗೇ ಅಂತ ಅಣ್ಣನಿಗೆ ಮೊದಲೇ ಗೊತ್ತಿತ್ತು," ಎಂದರು ಅತ್ತೆ. "ನೀನು ಹಾಗೆ ಅಂತ ಗೊತ್ತಿರಲಿಲ್ಲ."

ನಾನು ಇನ್ನೊಂದು ಪತ್ರಿಕೆ ತೆಗೆದುಕೊಂಡೆ. ಅವರು ಗೋಡೆಯ ಕಡೆ ತಿರುಗಿ ಮಲಗಿದರು.